ಬೀಗರು ಬರುವ ಕ್ರಿಸ್ಮಸ್ಸಿಗೆ ಕಾಳಯ್ಯನವರ ಸಿಂಗಾರ

ನಜರ್‌ಬಾದಿನ ನಮ್ಮ ಗಲ್ಲಿಗೆ ಬಂದು ಕಾಳಯ್ಯನವರ ಮನೆ ಯಾವುದೆಂದು ಕೇಳಿದರೆ ಜನ ಈಗಲೂ "ಟಾಂಗಾ ಕಾಳಯ್ಯಂದಾ?" ಎಂದು ತಿರುಗಿ ಕೇಳುತ್ತಾರೆ. ಅವರು ಸ್ವಂತ ಟಾಂಗಾ ಬಿಟ್ಟು ನಾಲ್ಕು ವರ್ಷವಾಯಿತು. ಹೆಸರು ಮಾತ್ರ ಬಿಟ್ಟು ಹೋಗಿಲ್ಲ. ಬಾಗಿಲ ಮಗ್ಗುಲಲ್ಲಿ ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆ ಗೋಡೆಯಲ್ಲಿ ಹಾಗೆಯೇ ಇದೆ. ಅವರ ಹೆಂಡತಿ ಚೆಲುವಮ್ಮ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿಕೊಂಡಿದ್ದಾರೆ.

ಮೀಸೆ ಮೂಡುವ ವಯಸ್ಸಿಗೆ ವರುಣಾ ಕಡೆಯ ಹಳ್ಳಿಯಿಂದ ಸೋದರಮಾವನ ಹಿಂದೆ ಬಂದು ಲಗಾಮು ಹಿಡಿದವರು ಕಾಳಯ್ಯ. ಅರಮನೆಯ ಸುತ್ತ ಅವರು ಎಷ್ಟು ಸುತ್ತು ಹಾಕಿದ್ದಾರೋ ಲೆಕ್ಕವಿಲ್ಲ. ಓಟದಲ್ಲಿ ಅವರ ಕುದುರೆ ಅಂಥ ದೊಡ್ಡದೇನೂ ಅಲ್ಲ. ಆದರೆ ಸಿಂಗಾರದಲ್ಲಿ ಅವರ ಗಾಡಿಯನ್ನು ಮೀರಿಸಿದ್ದು ಇರಲಿಲ್ಲ. ಕುದುರೆಯ ತಲೆಗೆ ಕೆಂಪು ತುರಾಯಿ, ಕೊರಳಿಗೆ ಹಿತ್ತಾಳೆ ಗೆಜ್ಜೆ, ಗಾಡಿಯ ಸೂರಿಗೆ ಕನ್ನಡಿ ಚೂರು ಹೊಲಿದ ಪಟ್ಟಿ, ನಾಲ್ಕು ಮೂಲೆಗೂ ಉಣ್ಣೆಯ ಗೊಂಡೆ. ದಸರೆಯ ದಿನಗಳಲ್ಲಿ ಬೇರೆ ಗಾಡಿಗಳು ಖಾಲಿ ನಿಂತಿದ್ದರೂ ಇವರದಕ್ಕೆ ಜನ ಕಾಯುತ್ತಿದ್ದರು. "ಸವಾರಿ ಅತ್ತೋರು ಕುದ್ರೆ ಕಾಲು ನೋಡಿ ಅತ್ತಲ್ಲ ಕಣಪ್ಪ, ಗಾಡಿ ಮೊಕ ನೋಡಿ ಅತ್ತೋದು" ಎನ್ನುತ್ತಿದ್ದರು ಕಾಳಯ್ಯ.

ಆಮೇಲೆ ಅವರ ಮಂಡಿ ಹಿಡಿದುಕೊಂಡಿತು. ಬೂಸಾದ ಬೆಲೆ ಏರಿತು, ಪ್ರವಾಸಿಗರು ಕಾರಿನಿಂದ ಇಳಿಯುವುದೇ ಕಡಿಮೆಯಾಯಿತು. ಚಂಪಾ ಎಂಬ ತಮ್ಮ ಕೊನೆಯ ಕುದುರೆಯನ್ನು ಗಾಡಿ ಸಮೇತ ಟಾಂಗಾ ಸ್ಟ್ಯಾಂಡಿನ ಹಳೆಯ ಗೆಳೆಯ ಪ್ಯಾರೇಜಾನ್ ಸಾಬರಿಗೆ ಕೊಟ್ಟುಬಿಟ್ಟರು. "ಗೆಜ್ಜೆ ತುರಾಯಿನೂ ಕೊಡು ಕಾಳಣ್ಣ" ಎಂದು ಸಾಬರು ಕೇಳಿದರೆ, "ಅದು ಮಾರಕ್ಕಿಲ್ಲ" ಎಂದು ಎಲ್ಲವನ್ನೂ ತಗಡಿನ ಟ್ರಂಕಿಗೆ ತುಂಬಿ ಮಂಚದ ಕೆಳಗೆ ನೂಕಿದರು. ಅಂದಿನಿಂದ ಸ್ಟ್ಯಾಂಡಿನ ಕಡೆ ತಲೆ ಹಾಕಿರಲಿಲ್ಲ. ಒಂದು ಮದುವೆ ಛತ್ರದಲ್ಲಿ ಹಗಲು ಕಾವಲಿನ ಕೆಲಸ ಸಿಕ್ಕಿತು. ಅಲ್ಲಿಗೆ ನೇರ ದಾರಿ ಸ್ಟ್ಯಾಂಡಿನ ಮುಂದೆಯೇ. ಕಾಳಯ್ಯ ಬಳಸಿಕೊಂಡು ಹೋಗುತ್ತಿದ್ದರು.

ಅವರ ಒಬ್ಬನೇ ಮಗ ಚಂದ್ರು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಾನೆ. ಅಲ್ಲಿಯೇ ಹತ್ತಿರದ ಗಾರ್ಮೆಂಟ್ಸಿನಲ್ಲಿದ್ದ ಜಸಿಂತಾಳನ್ನು ಇಷ್ಟಪಟ್ಟು ಮದುವೆಯಾದ. ಅವಳು ಡೋರ್ನಹಳ್ಳಿಯ ಕ್ರೈಸ್ತರ ಮನೆಯ ಹುಡುಗಿ. ಆಗ ಎರಡೂ ಕಡೆ ನಾಲ್ಕು ಮಾತು ಬಂದು ಹೋದವು. ಮೊಮ್ಮಗಳು ಬಿಂದು ಹುಟ್ಟಿದ ಮೇಲೆ ಆ ಮಾತುಗಳನ್ನು ಆಡಿದವರಿಗೇ ನೆನಪಿಲ್ಲ. ಮನೆಯ ಗೂಡಿನಲ್ಲಿ ಚಾಮುಂಡಮ್ಮನ ಪಟವಿದೆ, ಪಕ್ಕದಲ್ಲಿ ಜಸಿಂತಾಳ ಶಿಲುಬೆಯಿದೆ. ಬೆಳಿಗ್ಗೆ ಹೂವು ತಂದರೆ ಚೆಲುವಮ್ಮ ಮೊಳ ಹಾಕಿ ಎರಡು ತುಂಡು ಮಾಡುತ್ತಾರೆ.

ಕ್ರಿಸ್ಮಸ್ ಬಂದರೆ ಜಸಿಂತಾ ಗಂಡ ಮತ್ತು ಮಗುವಿನೊಂದಿಗೆ ತೌರಿಗೆ ಹೋಗಿಬಿಡುತ್ತಿದ್ದಳು. ಇಲ್ಲಿ ಬಾಗಿಲಿಗೆ ಒಂದು ಪುಟ್ಟ ಕಾಗದದ ನಕ್ಷತ್ರ ಮಾತ್ರ. ಕಳೆದ ವರ್ಷ ಡಿಸೆಂಬರಿನ ಮೊದಲ ವಾರದಲ್ಲಿ ತೌರಿನಿಂದ ಫೋನು ಬಂತು. ಅವಳ ಅಣ್ಣ ಇನ್ನಾಸಿ ಮನೆಯ ಹಳೆಯ ಹೆಂಚು ಇಳಿಸಿ ತಾರಸಿ ಹಾಕಿಸುತ್ತಿದ್ದಾನೆ, ಹಬ್ಬದ ಹೊತ್ತಿಗೆ ಮುಗಿಯುವುದಿಲ್ಲ. ಮೇಲೆ ಆಕಾಶ, ಕೆಳಗೆ ಜಲ್ಲಿ. ಹಬ್ಬ ಮಾಡುವುದೆಲ್ಲಿ?

ಕಾಳಯ್ಯ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಕೈ ಚಾಚಿದರು. "ಕೊಡವ್ವ ಇಲ್ಲಿ ಫೋನ."

ಆ ಕಡೆಯಿಂದ ಜಸಿಂತಾಳ ತಾಯಿ ಆರೋಗ್ಯಮ್ಮ ಮಾತಾಡುತ್ತಿದ್ದರು. ಕಾಳಯ್ಯ ಅವರಿಗೆ ಪೂರ್ತಿ ಮಾತಾಡಲು ಬಿಡಲಿಲ್ಲ. "ಬೀಗಿತಮ್ಮ, ಜೂನಿನಲ್ಲಿ ನಿಮ್ಮೂರ ಚರ್ಚಿನ ಅಂತೋಣಪ್ಪನ ಅಬ್ಬಕ್ಕೆ ಪ್ರತಿ ವರ್ಸ ನಾವು ಬಂದು ನಿಮ್ಮನೇಲಿ ಉಂಡಿಲ್ವಾ? ಈ ಸಲ ನೀವು ಎಲ್ಲಾರೂ ಇಲ್ಲಿಗೇ ಬನ್ನಿ. ಇಲ್ಲೇ ಕ್ರಿಸ್ಮಸ್ಸು. ಬರಲ್ಲ ಅಂದ್ರೆ ಮುಂದಿನ ಜೂನಿಗೆ ನಾನೂ ಬರಾಕಿಲ್ಲ."

ಫೋನು ಕೆಳಗಿಟ್ಟ ಮೇಲೆ ಖರ್ಚಿನ ಲೆಕ್ಕ ಬಂತು. ಚಂದ್ರುವಿಗೆ ಎರಡು ತಿಂಗಳಿಂದ ಓವರ್‌ಟೈಮ್ ನಿಂತಿತ್ತು. ಜಸಿಂತಾ ಮನೆಯಲ್ಲೇ ರವಿಕೆ ಹೊಲಿದು ಹಬ್ಬಕ್ಕೆಂದು ಎತ್ತಿಟ್ಟ ದುಡ್ಡು ಬಿಂದುವಿನ ಹೊಸ ಬಟ್ಟೆಗೂ ಒಂದು ದಿನದ ಅಡುಗೆಗೂ ಆದೀತು, ಅಷ್ಟೇ.

"ಮಾವ, ಅವ್ವ ಬರೋದು ನನಗೂ ಖುಷಿನೇ" ಎಂದಳು ಜಸಿಂತಾ. "ಆದರೆ ಸಿಂಗಾರ ಗಿಂಗಾರ ಅಂತ ಜಾಸ್ತಿ ಏನೂ ಬೇಡ. ಒಂದು ಚಿಕ್ಕ ಗೋದಲಿ ಮಾಡಿ, ಇರೋ ನಕ್ಷತ್ರ ಹಾಕಿದರೆ ಸಾಕು. ಅವ್ವ ಏನೂ ಅಂದ್ಕೊಳಲ್ಲ."

"ಅವ್ರು ಅಂದ್ಕೊಳಾಕಿಲ್ಲ ಕಣಮ್ಮ, ನಾನು ಅಂದ್ಕೊತೀನಲ್ಲ" ಎಂದರು ಕಾಳಯ್ಯ. "ನಲವತ್ತು ವರ್ಸ ಕುದ್ರೆಗೆ ಸಿಂಗಾರ ಮಾಡ್ದೋನು, ಬೀಗರು ಬಂದಾಗ ಮನೆ ಬೋಳು ಬೋಳಾಗಿ ಬುಟ್ರೆ ಎಂಗೆ?"

ಮರುದಿನ ಸಂಜೆ ಅವರು ಅಶೋಕ ರಸ್ತೆಗೆ ಹೋದರು. ದೊಡ್ಡ ಚರ್ಚಿನ ಆಸುಪಾಸಿನ ಅಂಗಡಿಗಳಲ್ಲಿ ನಕ್ಷತ್ರಗಳು ಸಾಲಾಗಿ ತೂಗುತ್ತಿದ್ದವು. ಒಂದು ದೊಡ್ಡದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಕೆಳಗಿನಿಂದ ಬಗ್ಗಿ ನೋಡಿ ಬೆಲೆ ಕೇಳಿದರು. ಅಂಗಡಿಯವನು ಒಂಬೈನೂರು ಎಂದ.

"ಇದ್ರೊಳಗೆ ಏನೈತೆ?"

"ಬಲ್ಬು ಇದೆ ಯಜಮಾನ್ರೇ."

"ಅದು ಬುಟ್ರೆ?"

"ಅದು ಬಿಟ್ರೆ ಏನಿರುತ್ತೆ? ಗಾಳಿ."

"ಗಾಳಿಗೆ ಇಷ್ಟಾ!" ಎಂದು ಮೆತ್ತಗೆ ಅದನ್ನು ಮೊದಲಿದ್ದ ಕೊಕ್ಕೆಗೇ ಸಿಕ್ಕಿಸಿ, ಪಕ್ಕದ ಅಂಗಡಿಯಲ್ಲಿ ಗಾಳಿಪಟದ ಕಾಗದ ನಾಲ್ಕು ಬಣ್ಣದ್ದು ಕೊಂಡು ಮನೆಗೆ ಬಂದರು.

ಧನುರ್ಮಾಸ ಹತ್ತಿರ ಬಂದದ್ದರಿಂದ ಛತ್ರದಲ್ಲಿ ಮದುವೆಗಳು ಮುಗಿಯುತ್ತ ಬಂದಿದ್ದವು. ಚಪ್ಪರದವರು ಬಿಟ್ಟುಹೋದ ಬಿದಿರಿನ ತುಂಡು, ಮಂಟಪದ ಹಿಂದೆ ಬಿಸಾಕಿದ್ದ ಥರ್ಮಕೋಲು, ಜರಿಯ ರಿಬ್ಬನ್ನು, ಎಲ್ಲವೂ ಕಾಳಯ್ಯನವರ ಕಣ್ಣಿಗೆ ಹೊಸದಾಗಿ ಕಾಣತೊಡಗಿದವು. ಛತ್ರದ ಮೇಲ್ವಿಚಾರಕ ಮಹದೇವು "ತಗೊಂಡೋಗಿ, ಕಸದ ಗಾಡಿಗೆ ಹಾಕೋ ಕೆಲಸ ತಪ್ಪುತ್ತೆ" ಎಂದ. ದಿನಾ ಸಂಜೆ ಕಾಳಯ್ಯ ಕಂಕುಳಲ್ಲಿ ಏನಾದರೂ ಇಟ್ಟುಕೊಂಡೇ ಗಲ್ಲಿಗೆ ಬರುತ್ತಿದ್ದರು. ನಾನೇ ಒಂದು ದಿನ "ಏನ್ ಕಾಳಯ್ಯನೋರೆ, ಮನೇಲಿ ಮದುವೆನಾ?" ಎಂದು ಕೇಳಿದೆ. "ಮದ್ವೆ ಅಲ್ಲ, ಬಾಣಂತನ" ಎಂದರು. "ಮಗು ಉಟ್ಟೋ ಅಬ್ಬ ಅಲ್ವಾ?"

ನಕ್ಷತ್ರ ಕಟ್ಟುವ ಕೆಲಸ ನಡುಮನೆಯಲ್ಲಿ ಶುರುವಾಯಿತು. ಬಿದಿರನ್ನು ಸೀಳಿ ದಬ್ಬೆ ಮಾಡಿ, ದಾರ ಸುತ್ತಿ ಐದು ಮೂಲೆ ಕಟ್ಟಿದರು. ಮೊದಲನೆಯದು ಒಂದು ಕಾಲು ಉಳುಕಿದ ಹಾಗೆ ಬಂತು. ಬಿಚ್ಚಿ ಮತ್ತೆ ಕಟ್ಟಿದರು. ಜಸಿಂತಾ ಗೋಧಿ ಹಿಟ್ಟಿನ ಅಂಟು ಕಾಸಿ ಕೊಟ್ಟಳು. ಕೆಂಪು, ಹಳದಿ ಕಾಗದ ಅಂಟಿಸಿ, ಚಂದ್ರು ಒಳಗೊಂದು ಬಲ್ಬಿನ ಹೋಲ್ಡರ್ ಕೂರಿಸಿ ಹಾಕಿ ನೋಡಿದರೆ ಗೋಡೆಯೆಲ್ಲ ಬಣ್ಣವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ತೂಗುಹಾಕೋಣ ಎಂದು ಎತ್ತಿಕೊಂಡು ಹೊರಟರೆ ನಕ್ಷತ್ರ ಬಾಗಿಲಲ್ಲಿ ಹಿಡಿಸಲಿಲ್ಲ. ಅಡ್ಡ ಹಿಡಿದರು, ಓರೆ ಹಿಡಿದರು, ಒಂದು ಮೂಲೆ ಮೊದಲು ತೂರಿಸಿ ನೋಡಿದರು. ಹೊರಗಡೆ ಮೂರು ಮೂಲೆ, ಒಳಗಡೆ ಎರಡು ಮೂಲೆ, ನಡುವೆ ಚಂದ್ರು.

ಚೆಲುವಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತರು. "ಗಾಡಿ ಕಟ್ಟೋಕೆ ಮುಂಚೆ ಗೇಟು ಎಷ್ಟಗಲ ಅಂತ ನೋಡ್ಬೇಡ್ವಾ?"

"ಮನೆ ಬಾಗ್ಲು ಚಿಕ್ಕದಾದ್ರೆ ಅದು ನಕ್ಸತ್ರದ ತಪ್ಪಾ?" ಎಂದರು ಕಾಳಯ್ಯ.

ಕೊನೆಗೆ ಎರಡು ಮೂಲೆಯ ಕಾಗದ ಹರಿದು, ದಬ್ಬೆ ಬಿಚ್ಚಿ ಹೊರಗೆ ತಂದು, ಬೀದಿಯಲ್ಲೇ ಕೂತು ಮತ್ತೆ ಕಟ್ಟಿದರು. ಆ ಹೊತ್ತಿಗೆ ಅರ್ಧ ಗಲ್ಲಿ ಸೇರಿತ್ತು. ಒಬ್ಬರು ದಾರ ಹಿಡಿದರು, ಇನ್ನೊಬ್ಬರು ಏಣಿ ತಂದರು. ಮಹಡಿಯ ಕಂಬಿಗೆ ನಕ್ಷತ್ರ ಏರಿತು. ಗಲ್ಲಿಯ ಆ ತುದಿಯಿಂದಲೂ ಕಾಣುವಷ್ಟು ದೊಡ್ಡದು.

ಮನೆಯೊಳಗಿನ ಸಿಂಗಾರ ಇನ್ನೂ ಬಾಕಿಯಿತ್ತು. ಛತ್ರದ ಹಿಂದಿನ ಸರ್ವೆ ಮರದ ಮುರಿದ ಕೊಂಬೆಯೊಂದನ್ನು ತಂದು ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದರು. ಹಸಿರೇನೋ ಇತ್ತು, ಅದಕ್ಕೆ ತೂಗುಹಾಕಲು ಏನೂ ಇರಲಿಲ್ಲ. ಕಾಳಯ್ಯ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದರು. ಆಮೇಲೆ ಎದ್ದು ಹೋಗಿ ಮಂಚದ ಕೆಳಗಿನ ಟ್ರಂಕನ್ನು ಎಳೆದರು.

ಚೆಲುವಮ್ಮ ಅಡುಗೆಮನೆಯಿಂದ ಆ ಸದ್ದು ಕೇಳಿ ಕೈ ಒರೆಸಿಕೊಂಡು ಬಂದರು. ಮೂರು ವರ್ಷದಲ್ಲಿ ಆ ಟ್ರಂಕು ಒಂದು ಸಲವೂ ತೆರೆದಿರಲಿಲ್ಲ. ಕಾಳಯ್ಯ ತಲೆಯೆತ್ತದೆ ಗೆಜ್ಜೆಗಳನ್ನು ಒಂದೊಂದಾಗಿ ಹೊರಗಿಟ್ಟರು. ಹಿತ್ತಾಳೆ ಕಪ್ಪಾಗಿತ್ತು. ಚೆಲುವಮ್ಮ ಹುಣಸೆಹಣ್ಣು ನೆನೆಹಾಕಿ ತಂದು ಪಕ್ಕದಲ್ಲಿ ಕೂತು ಉಜ್ಜತೊಡಗಿದರು. ಒಂದು ಮಧ್ಯಾಹ್ನ ಪೂರ್ತಿ ಉಜ್ಜಿದ ಮೇಲೆ ಗೆಜ್ಜೆಗಳು ಚಿನ್ನದ ಹಾಗೆ ಹೊಳೆದವು. ಸರ್ವೆ ಕೊಂಬೆಗೆ ಗೆಜ್ಜೆ, ಗೊಂಡೆ, ತುದಿಗೆ ಕೆಂಪು ತುರಾಯಿ. ಬಾಗಿಲ ತೋರಣಕ್ಕೆ ಕನ್ನಡಿ ಪಟ್ಟಿ. ಯಾರಾದರೂ ಪಕ್ಕದಲ್ಲಿ ನಡೆದರೆ ಸಾಕು, ಮರ ಗಲಗಲ ಎನ್ನುತ್ತಿತ್ತು.

ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ಕೂರಿಸುವ ಗೋದಲಿಯ ಕೆಲಸ ಅತ್ತೆ ಸೊಸೆಯರದು. ಥರ್ಮಕೋಲಿನಲ್ಲಿ ಕೊಟ್ಟಿಗೆ ಕಟ್ಟಿ, ಟೀ ಪುಡಿಯ ಚರಟ ಒಣಗಿಸಿ ನೆಲಕ್ಕೆ ಮಣ್ಣಿನ ಹಾಗೆ ಹರಡಿದರು. ಜಸಿಂತಾಳ ಹತ್ತಿರ ಮರಿಯಮ್ಮ, ಜೋಸೆಫಪ್ಪ, ಬಾಲಯೇಸು, ಒಂದು ಹಸು, ಇಷ್ಟೇ ಗೊಂಬೆಗಳಿದ್ದವು. ಮಗುವನ್ನು ನೋಡಲು ಬರುವ ಕುರುಬರಿಲ್ಲ, ರಾಜರಿಲ್ಲ. ಚೆಲುವಮ್ಮ ಅಟ್ಟದಿಂದ ದಸರಾ ಗೊಂಬೆಗಳ ಪೆಟ್ಟಿಗೆ ಇಳಿಸಿದರು. ಅದರೊಳಗೆ ಅಂಗಡಿ ಇಟ್ಟುಕೊಂಡು ಕೂರುವ ಶೆಟ್ಟಿ, ಶೆಟ್ಟಮ್ಮನ ಜೋಡಿಯಿತ್ತು.

"ಇವ್ರನ್ನೇ ಕೂರ್ಸು. ಶೆಟ್ರು ಅಂಗಡಿ ಬಾಗ್ಲಾಕಿ ಮಗ ನೋಡಕ್ಕೆ ಬಂದವ್ರೆ ಅಂದ್ಕೊ" ಎಂದರು ಚೆಲುವಮ್ಮ. ಜಸಿಂತಾ ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ಕೂರಿಸಿಯೇ ಬಿಟ್ಟಳು.

ಕಾಳಯ್ಯ ಎಲ್ಲಿಂದಲೋ ಒಂದು ಮರದ ಕುದುರೆ ಹುಡುಕಿಕೊಂಡು ಬಂದು ಹಸುವಿನ ಪಕ್ಕ ಇಟ್ಟರು.

"ಮಾವ, ಅಲ್ಲಿ ಕುದುರೆ ಇರಲಿಲ್ಲ. ಕತ್ತೆ ಇತ್ತು."

"ಕತ್ತೆ ಇತ್ತಾ?"

"ಹೂಂ. ಮರಿಯಮ್ಮ ಬಂದಿದ್ದೇ ಕತ್ತೆ ಮೇಲೆ ಕೂತ್ಕೊಂಡು ಅಂತಾರೆ."

"ತುಂಬು ಗರ್ಬಿಣಿನ ಕತ್ತೆ ಮೇಲೆ ಕೂರ್ಸವ್ರಲ್ಲ, ಆ ಊರಲ್ಲಿ ಒಬ್ಬ ಟಾಂಗಾದೋನೂ ಇರ್ಲಿಲ್ವಾ?" ಎಂದು ಕಾಳಯ್ಯ ನಿಜವಾಗಿಯೂ ನೊಂದುಕೊಂಡರು. ಕುದುರೆ ಅಲ್ಲೇ ಉಳಿಯಿತು.

ಇನ್ನು ಬೇಕಿದ್ದದ್ದು ಹಸಿರು. ಡೋರ್ನಹಳ್ಳಿಯಲ್ಲಿ ಹಬ್ಬಕ್ಕೆ ಮುಂಚೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸಿ ಗೋದಲಿಯ ಸುತ್ತ ಇಡುತ್ತಾರೆ ಎಂದು ಜಸಿಂತಾ ಹೇಳಿದ್ದಳು. ರಾಗಿ ಎಂದ ಕೂಡಲೇ ಚೆಲುವಮ್ಮ ಆ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ. ಹಳೆಯ ಹರಿವಾಣಗಳಲ್ಲಿ ಮಣ್ಣು ಹಾಕಿ, ಬಿತ್ತಿ, ನೀರು ಚಿಮುಕಿಸಿ, ಜಗಲಿಯ ಎಳೆ ಬಿಸಿಲಿಗೆ ಇಡುತ್ತ, ಒಳಗೆ ತರುತ್ತ ಕೂಸಿನ ಹಾಗೆ ನೋಡಿಕೊಂಡರು. ಪೈರು ಎರಡು ಬೆರಳೆತ್ತರ ಬಂತು. ಇಪ್ಪತ್ತಮೂರನೆಯ ತಾರೀಕು ಬೆಳಿಗ್ಗೆ ಜಗಲಿಯಲ್ಲಿಟ್ಟು ಹಾಲು ತರಲು ಹೋದರು. ಬರುವಷ್ಟರಲ್ಲಿ ಎದುರುಮನೆಯ ಬಸಮ್ಮನ ಕೋಳಿಗಳು ಹರಿವಾಣದೊಳಗೆ ಇಳಿದು, ಕೆದಕಿ, ಒಂದು ಪೈರೂ ಬಿಡದೆ ಕಿತ್ತುಹಾಕಿದ್ದವು. ದೊಡ್ಡ ಹುಂಜ ಖಾಲಿ ಮಣ್ಣಿನ ಮೇಲೆ ನಿಂತು ಒಮ್ಮೆ ಕೂಗಿತು ಬೇರೆ.

ಚೆಲುವಮ್ಮನ ಕೂಗಿಗೆ ಇಡೀ ಗಲ್ಲಿ ಹೊರಗೆ ಬಂತು. ಬಸಮ್ಮ ಬಂದು ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯೋ ಚೆಲುವಕ್ಕ, ಬೇಕಾದ್ರೆ ಆ ಹುಂಜನ್ನೇ ನಾಳಿದ್ದು ಸಾರಿಗೆ ಹಾಕ್ಬುಡಿ."

"ಹುಂಜ ತಗೊಂಡು ಗೋದಲಿ ಸುತ್ತ ಕೂರ್ಸಕ್ಕಾಯ್ತದಾ?" ಎಂದು ಚೆಲುವಮ್ಮ ಅಳುವುದೋ ನಗುವುದೋ ತಿಳಿಯದೆ ಜಗಲಿಯ ಮೇಲೆ ಕುಳಿತುಬಿಟ್ಟರು. ಬೀಗರು ಬರುವುದು ಮರುದಿನ. ಒಂದು ದಿನದಲ್ಲಿ ರಾಗಿ ಮೊಳೆಯುವುದಿಲ್ಲ.

ಜಸಿಂತಾ "ಪರವಾಗಿಲ್ಲ ಅತ್ತೆ, ಹಸಿರು ಕಾಗದ ಕತ್ತರಿಸಿ ಹಾಕೋಣ" ಎಂದಳು. ಚೆಲುವಮ್ಮ ಗಂಡನ ಕಡೆ ನೋಡಿದರು. "ಸ್ಟ್ಯಾಂಡಿನತ್ರ ಬೆಳಗಾನೆ ಹುಲ್ಲಿನೋರು ಬರ್ತಾರಲ್ಲ. ಬೇರು ಸಮೇತ ಗರಿಕೆ, ಕುದುರೆ ಮೆಂತೆ ಎಲ್ಲಾ ತರ್ತಿದ್ರು. ಈಗ್ಲೂ ಬರ್ತಾರೇನೋ."

ಕಾಳಯ್ಯ ಎದ್ದರು. ಟವೆಲು ಕೊಡವಿದರು. ಒಳಗೆ ಹೋದರು, ಹೊರಗೆ ಬಂದರು. ಕೊನೆಗೆ ಗೂಟದ ಮೇಲಿದ್ದ ಗೋಣಿಚೀಲ ತೆಗೆದುಕೊಂಡು ಮೆಟ್ಟು ಮೆಟ್ಟಿದರು.

ಸ್ಟ್ಯಾಂಡಿನಲ್ಲಿ ಗಾಡಿಗಳು ಮೊದಲಿಗಿಂತ ಕಡಿಮೆಯಿದ್ದವು. ಕಾಳಯ್ಯ ದೂರದ ಮರದ ನೆರಳಲ್ಲೇ ನಿಂತು ಹುಲ್ಲಿನವರು ಎಲ್ಲಿದ್ದಾರೆಂದು ನೋಡಿದರು. ಬೇಗ ತೆಗೆದುಕೊಂಡು ಯಾರ ಕಣ್ಣಿಗೂ ಬೀಳದೆ ಹೊರಟುಬಿಡುವುದು ಅವರ ಎಣಿಕೆ. ಆದರೆ ಸಾಲಿನ ಕೊನೆಯಲ್ಲಿ ನಿಂತಿದ್ದ ಕಂದು ಬಣ್ಣದ ಕುದುರೆ ಕಿವಿ ನಿಮಿರಿಸಿತು. ಮೂಗಿನ ಹೊಳ್ಳೆ ಅರಳಿಸಿ ಒಮ್ಮೆ ಕೆನೆಯಿತು. ಗಾಡಿ ಕಟ್ಟಿದ್ದರೂ ಎರಡು ಹೆಜ್ಜೆ ಮುಂದೆ ಬಂತು.

"ಅರೇ, ನಿಲ್ಲೇ! ಏನಾಯ್ತು ನಿಂಗೆ?" ಎಂದು ಗದರುತ್ತ ತಿರುಗಿದ ಪ್ಯಾರೇಜಾನ್ ಸಾಬರಿಗೆ ಮರದ ಕೆಳಗೆ ಕಾಳಯ್ಯ ಕಂಡರು. ಸಾಬರು ಬಾಯಿಯ ಬೀಡಿ ಎಸೆದರು. "ಯಾ ಅಲ್ಲಾ, ಕಾಳಣ್ಣ! ದಾರಿ ಮರ್ತೋಗಿತ್ತಾ ನಿಂಗೆ?"

ಕಾಳಯ್ಯ ನೇರವಾಗಿ ಚಂಪಾಳ ಹತ್ತಿರ ಹೋಗಿ ಅವಳ ಹಣೆಗೆ ಹಣೆ ಇಟ್ಟು ನಿಂತರು. ಅವಳು ಅವರ ಅಂಗಿಯ ಜೇಬಿಗೆ ಮೂತಿ ತೂರಿಸಿದಳು. ಹಿಂದೆಲ್ಲ ಅಲ್ಲಿ ಬೆಲ್ಲದ ಚೂರು ಇರುತ್ತಿತ್ತು. "ಇಲ್ಲ ಕಣವ್ವ, ಇವತ್ತು ತಂದಿಲ್ಲ" ಎಂದರು ಕಾಳಯ್ಯ. ಸಾಬರು ಆ ಕಡೆ ತಿರುಗಿ ಚಹಾದವನನ್ನು ಸುಮ್ಮನೆ ಜೋರಾಗಿ ಕೂಗಿದರು.

ಚಹಾ ಕುಡಿಯುತ್ತ ಮಾತು ಬಂತು. ಚಂಪಾ ಚೆನ್ನಾಗಿದ್ದಳು, ಮೈ ತುಂಬಿಕೊಂಡಿದ್ದಳು. ಗೊರಸು ನೋಡಿದರು, ಹಲ್ಲು ನೋಡಿದರು, ಎಲ್ಲ ಸರಿಯಿತ್ತು. ಬೀಗರು, ನಕ್ಷತ್ರ, ಕೋಳಿ, ಹುಲ್ಲು, ಎಲ್ಲ ಕಥೆಯನ್ನೂ ಕಾಳಯ್ಯ ಹೇಳಿದರು. ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮ ಗಾಡಿಯ ಕೆಳಗಿನಿಂದಲೇ ಮೆಂತೆಹುಲ್ಲಿನ ಎರಡು ದೊಡ್ಡ ಕಂತೆ ತೆಗೆದು ಚೀಲಕ್ಕೆ ತುರುಕಿದರು. ಬೇರುಗಟ್ಟಿದ ಗರಿಕೆಯ ನಾಲ್ಕು ಹೆಂಟೆಗಳನ್ನು ಹುಲ್ಲಿನವರಿಂದ ಕೊಡಿಸಿದರು. ಆಮೇಲೆ ಕೇಳಿದರು: "ನಿಮ್ಮ ಬೀಗರು ಬರೋದು ಹೆಂಗೆ? ಬಸ್ಸಾ, ರೈಲಾ?"

"ರೈಲು. ನಾಳೆ ಮಧ್ಯಾನ ಇಳೀತಾರೆ. ಆಟೋ ಮಾಡ್ಕೊಂಡು..."

"ಆಟೋ?" ಸಾಬರು ಗ್ಲಾಸು ಕೆಳಗಿಟ್ಟರು. "ಟಾಂಗಾ ಕಾಳಣ್ಣನ ಬೀಗರು ಆಟೋದಲ್ಲಿ ಬರೋದಾ? ನಾಳೆ ಗಾಡಿ ತಗೊಂಡೋಗು. ನೀನೇ ಹೊಡಿ. ನನಗೆ ದುಡ್ಡು ಕೊಡೋ ಮಾತೆತ್ತಿದ್ರೆ ಮೆಂತೆ ವಾಪಸ್ ಇಟ್ಬುಡು."

ಮರುದಿನ ಮಧ್ಯಾಹ್ನದ ಹೊತ್ತಿಗೆ ಮನೆ ಸಿಂಗಾರವಾಗಿ ನಿಂತಿತ್ತು. ಗೋದಲಿಯ ಸುತ್ತ ಗರಿಕೆ, ಹಿಂದೆ ಪರದೆಯಾಗಿ ಚೆಲುವಮ್ಮನ ನೀಲಿ ರೇಷ್ಮೆ ಸೀರೆ. ಜಸಿಂತಾ ಕೊನೆಯ ಸಲ ಎಲ್ಲವನ್ನೂ ನೋಡಿ ತೃಪ್ತಿಯಾಗಿ ಹಬ್ಬದ ಸಿಹಿ ಕುಲ್ಕುಲ್ ಕರಿಯಲು ಒಳಗೆ ಹೋದಳು. ಅಷ್ಟರಲ್ಲಿ ಬಾಗಿಲ ಮುಂದೆ ಗೊರಸಿನ ಸದ್ದು. ಸಾಬರು ಚಂಪಾಳನ್ನು ಕರೆತಂದಿದ್ದರು. ಕಾಳಯ್ಯ ಕುದುರೆಯನ್ನು ಮೇಲಿಂದ ಕೆಳಗೆ ನೋಡಿದರು. ಬೋಳು ಕುದುರೆ, ಬೋಳು ಗಾಡಿ. ಅವರಿಗೆ ತಡೆಯಲಾಗಲಿಲ್ಲ. ಒಳಗೆ ಬಂದವರೇ ಮರದ ತುದಿಯ ತುರಾಯಿ ಕಿತ್ತರು, ಗೆಜ್ಜೆ ಬಿಚ್ಚಿದರು, ಗೊಂಡೆ ಕೈಯಲ್ಲಿ ಬಾಚಿಕೊಂಡರು, ಬಾಗಿಲ ಕನ್ನಡಿ ಪಟ್ಟಿಯನ್ನೂ ಎಳೆದುಕೊಂಡರು.

ಜಸಿಂತಾ ಹಿಟ್ಟಿನ ಕೈಯಲ್ಲಿ ಓಡಿಬಂದಳು. "ಮಾವಾ! ಮನೆ ಎಲ್ಲಾ ಬರಿದಾಯ್ತಲ್ಲ!"

"ಬೀಗರು ಮೊದ್ಲು ನೋಡೋದು ಗಾಡಿನ ಕಣಮ್ಮ, ಆಮೇಲೆ ಮನೆನ. ಬಂದ್ಮೇಲೆ ಮತ್ತೆ ಕಟ್ಟಾನೆ ಬುಡು" ಎಂದು ಹೇಳಿ ಹೊರಟೇಬಿಟ್ಟರು. ಚೆಲುವಮ್ಮ ಸರ್ವೆ ಕೊಂಬೆ ನೋಡಿದರು. ಬಕೆಟ್ಟಿನಲ್ಲಿ ನೆಟ್ಟ ಬರೀ ಸರ್ವೆ ಕೊಂಬೆ. ಸೊಸೆಯ ಮುಖ ನೋಡಿದರು. ಇಬ್ಬರಿಗೂ ನಗು ಬಂತು.

ರೈಲ್ವೆ ಸ್ಟೇಷನ್ನಿನ ಹೊರಗೆ ಆರೋಗ್ಯಮ್ಮ, ಇನ್ನಾಸಿ, ಅವನ ಹೆಂಡತಿ, ಎರಡು ಮಕ್ಕಳು, ಒಂದು ಚೀಲ ಅವರೆಕಾಯಿ, ಒಂದು ಡಬ್ಬ ಕರ್ಜಿಕಾಯಿ ಇಳಿದು ನಿಂತಿದ್ದಾಗ, ಆಟೋಗಳ ನಡುವಿನಿಂದ ಗೆಜ್ಜೆಯ ಸದ್ದು ಮಾಡುತ್ತ ಟಾಂಗಾ ಬಂತು. ಕೆಂಪು ತುರಾಯಿ ಕುಣಿಯುತ್ತಿತ್ತು, ಕನ್ನಡಿಗಳು ಬಿಸಿಲಿಗೆ ಮಿಂಚುತ್ತಿದ್ದವು. ಚಾಲಕನ ಜಾಗದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ ಕಾಳಯ್ಯ.

ಆರೋಗ್ಯಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. "ಬೀಗರೇ, ಇದೇನು? ನನ್ನ ಮದುವೆಲೂ ನನ್ನ ಹಿಂಗೆ ಕರ್ಕೊಂಡು ಹೋಗ್ಲಿಲ್ಲ!"

ಇರ್ವಿನ್ ರಸ್ತೆಯಲ್ಲಿ ಬೈಕಿನವರು ನಿಂತು ಫೋಟೋ ತೆಗೆದರು. ಹಾರ್ಡಿಂಜ್ ಸರ್ಕಲ್ಲಿನಲ್ಲಿ ಸಂಚಾರ ಪೊಲೀಸಿನವನು ಕೈ ಅಡ್ಡ ಹಿಡಿದು ಬಸ್ಸನ್ನೇ ನಿಲ್ಲಿಸಿ ಗಾಡಿಗೆ ದಾರಿ ಕೊಟ್ಟ. ಇನ್ನಾಸಿಯ ಮಕ್ಕಳು ಅವನಿಗೆ ಕೈ ಬೀಸಿದವು. ನಮ್ಮ ಗಲ್ಲಿಗೆ ಗಾಡಿ ತಿರುಗಿದಾಗ ನಾವೆಲ್ಲ ಹೊರಗೆ ನಿಂತಿದ್ದೆವು. ಬಸಮ್ಮ ಆರತಿ ತಟ್ಟೆಯನ್ನೇ ಹಿಡಿದು ಬಂದಿದ್ದರು. ಕ್ರಿಸ್ಮಸ್ಸಿಗೆ ಆರತಿ ಎತ್ತಬಹುದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಎತ್ತಿಬಿಟ್ಟರು.

ಬೀಗರು ಒಳಗೆ ಬಂದು ಬರಿದಾದ ಮರವನ್ನು ನೋಡುವಷ್ಟರಲ್ಲಿ ಕಾಳಯ್ಯ ಕುದುರೆಯಿಂದ ಬಿಚ್ಚಿದ ಸಿಂಗಾರವನ್ನು ಮಡಿಲು ತುಂಬ ತಂದು ಚಾಪೆಯ ಮೇಲೆ ಸುರಿದರು. "ಗಾಡಿಗೆ ಬೇಕಾಗಿತ್ತು, ಅದ್ಕೆ ಮನೆದು ಬಿಚ್ಕೊಂಡಿದ್ದೆ. ತಪ್ಪು ತಿಳ್ಕೋಬೇಡಿ" ಎಂದರು.

ಆರೋಗ್ಯಮ್ಮ ಕಾಫಿಯನ್ನೂ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಪೆಯ ಮೇಲೆ ಕುಳಿತರು. "ಮನೆ ಮುರಿದು ಬಂದಿದೀವಿ ಬೀಗರೇ. ಈ ವರ್ಷ ಒಂದು ದಾರನೂ ಕಟ್ಟಲಿಲ್ಲ, ಕೈ ಕಡೀತಾ ಇದೆ. ಕೊಡಿ ಇಲ್ಲಿ." ಇನ್ನಾಸಿ ಬಾಗಿಲಿಗೆ ಪಟ್ಟಿ ಹೊಡೆದ. ಮಕ್ಕಳು ಗೊಂಡೆಗಳಿಗೆ ಜಗಳವಾಡಿ ಹಂಚಿಕೊಂಡರು. ಗೋದಲಿಯಲ್ಲಿ ಶೆಟ್ಟರನ್ನೂ ಕುದುರೆಯನ್ನೂ ಕಂಡ ಆರೋಗ್ಯಮ್ಮ ಹತ್ತಿರ ಹೋಗಿ ಬಗ್ಗಿ ನೋಡಿದರು. ಜಸಿಂತಾ ಅತ್ತೆಯ ಕಡೆ ನೋಡಿದಳು.

"ಶೆಟ್ಟಮ್ಮನ್ನ ಸ್ವಲ್ಪ ಹತ್ತಿರ ಕೂರಿಸು" ಎಂದರು ಆರೋಗ್ಯಮ್ಮ. "ಬಾಣಂತಿ ಮನೇಲಿ ಒಂದು ಹೆಂಗಸು ಜೊತೆಗಿರಬೇಕು."

ಸಂಜೆ ಚರ್ಚಿನ ಹುಡುಗ ಹುಡುಗಿಯರ ತಂಡವೊಂದು ಗಿಟಾರು, ತಮಟೆ ಹಿಡಿದು ಮನೆಮನೆಗೆ ಹೋಗಿ ಹಾಡುತ್ತ ಬಂತು. ಈ ಗಲ್ಲಿಗೆ ಅವರು ಎಂದೂ ಬಂದವರಲ್ಲ. ಮುಖ್ಯ ರಸ್ತೆಯಲ್ಲೇ ಹೋಗುತ್ತಿದ್ದಾಗ ಅವರಿಗೆ ನಕ್ಷತ್ರ ಕಂಡಿತಂತೆ. ತಂಡದ ಮುಂದಾಳು ಹುಡುಗಿ ಬಾಗಿಲಲ್ಲಿ ನಿಂತು "ಇಷ್ಟು ದೊಡ್ಡದು ಎಲ್ಲಿ ತಗೊಂಡ್ರಿ ಅಂಕಲ್?" ಎಂದು ಕೇಳಿದಳು.

"ತಗೊಂಡಿದ್ದಲ್ಲ. ಗಾಳಿ ನಮ್ದೇ" ಎಂದರು ಕಾಳಯ್ಯ.

ಆ ಹುಡುಗಿಗೆ ಅರ್ಥವಾಗಲಿಲ್ಲ. ಜಸಿಂತಾ ತಂಡದ ಜೊತೆ ಸೇರಿ ಹಾಡಿದಳು. ಅವಳಿಗೆ ಅಂಥ ದನಿಯಿದೆ ಎಂದು ಇಷ್ಟು ವರ್ಷ ಗಲ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚೆಲುವಮ್ಮ ಎಲ್ಲರ ಕೈಗೂ ಕಜ್ಜಾಯ ಇಟ್ಟರು. ಬಸಮ್ಮ ಆ ದಿನವೇ ಇಟ್ಟ ಮೊಟ್ಟೆಗಳನ್ನೆಲ್ಲ ತಂದುಕೊಟ್ಟರು, ಕುಕ್ಕರಿನಲ್ಲಿ ಮರಳು ಹಾಕಿ ಬೇಯಿಸಿದ ಕೇಕಿಗೆ ಅವೇ ಆದವು. ಕೇಕು ಒಂದು ಕಡೆ ಉಬ್ಬಿ ಒಂದು ಕಡೆ ಕುಸಿದಿತ್ತು, ರುಚಿಯಲ್ಲಿ ಏನೂ ಕೊರತೆಯಿರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಜಸಿಂತಾ ತನ್ನವರೊಂದಿಗೆ ಚರ್ಚಿಗೆ ಹೋಗಿಬಂದಳು. ಮಧ್ಯಾಹ್ನ ಪ್ಯಾರೇಜಾನ್ ಸಾಬರು ಊಟಕ್ಕೆ ಬಂದರು. ಎಲೆಯ ಮುಂದೆ ಕುಳಿತು ಅವರು, ಸರದಿಯಲ್ಲಿ ಗಾಡಿ ಹೊಡೆಯುವ ತಮ್ಮ ಮಗ ಭಾನುವಾರ ಬರುವುದಿಲ್ಲ, ಕಾಳಯ್ಯ ಆ ಒಂದು ದಿನ ಲಗಾಮು ಹಿಡಿದರೆ ಬಂದದ್ದರಲ್ಲಿ ಅರ್ಧರ್ಧ ಎಂದರು. ಕಾಳಯ್ಯ ಮಂಡಿ ನೋವಿನ ಮಾತೆತ್ತಿದರು. "ಕುದುರೆ ಓಡೋದು, ನೀನಲ್ಲ" ಎಂದರು ಸಾಬರು. ಆ ಮಾತು ಅಲ್ಲಿಗೇ ಕುದುರಿತು.

ಸಂಜೆ ಆರೋಗ್ಯಮ್ಮನಿಗೆ ಮಾಗಿ ಉತ್ಸವದ ದೀಪಾಲಂಕಾರದಲ್ಲಿ ಅರಮನೆ ನೋಡಬೇಕೆನಿಸಿತು. ಗಾಡಿ ಬಂತು. ಬೀಗರು ಹತ್ತಿದರು, ಚಂದ್ರು ಹತ್ತಿದ, ಮಕ್ಕಳು ಹತ್ತಿದರು. ಚೆಲುವಮ್ಮ ಎಂದಿನಂತೆ ಬಾಗಿಲಲ್ಲಿ ನಿಂತು "ಓಗ್ಬನ್ನಿ" ಎಂದರು.

ಆರೋಗ್ಯಮ್ಮ ಗಾಡಿಯಿಂದಲೇ ಕೇಳಿದರು. "ನೀವು ಬರಲ್ವಾ?"

"ನಾನು ಈ ಗಾಡೀಲಿ ಎಂದೂ ಕೂತೋಳಲ್ಲ ಬೀಗಿತಮ್ಮ. ಕೂತ್ರೆ ಒಂದು ಸವಾರಿ ಕಮ್ಮಿ ಆಯ್ತಿತ್ತಲ್ಲ."

ಅದನ್ನು ಅವರು ದೂರು ಎಂದು ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ಕಾಳಯ್ಯ ಲಗಾಮು ಪಕ್ಕಕ್ಕಿಟ್ಟರು. ಆಮೇಲೆ ಇನ್ನಾಸಿಯನ್ನೂ ಚಂದ್ರುವನ್ನೂ ಕೆಳಗಿಳಿಸಿ "ನೀವು ವಯಸ್ಸುಡುಗ್ರು, ನಡ್ಕೊಂಡು ಬನ್ನಿ" ಎಂದರು. ತಮ್ಮ ಪಕ್ಕದ ಹಲಗೆಯನ್ನು ಟವೆಲಿನಿಂದ ಒರೆಸಿದರು. ಚೆಲುವಮ್ಮ ಮೊದಲು ಬೇಡವೆಂದರು, ಸೀರೆ ಸರಿಯಿಲ್ಲ ಎಂದರು, ಒಲೆಯ ಮೇಲೆ ಹಾಲಿದೆ ಎಂದರು. ಜಸಿಂತಾ ಅತ್ತೆಯ ನೀಲಿ ರೇಷ್ಮೆಯನ್ನು ಗೋದಲಿಯ ಹಿಂದಿನಿಂದ ಬಿಚ್ಚಿ ತಂದು ಕೈಗಿತ್ತಳು.

ಅರಮನೆಯ ದೀಪಗಳು ಹತ್ತಿದ್ದವು. ಹೊರಗಿನ ರಸ್ತೆಯಲ್ಲಿ ಜನವೋ ಜನ. ಚಂಪಾ ತಲೆಯೆತ್ತಿ ನಿಧಾನವಾಗಿ ನಡೆದಳು. ಒಂದು ಸುತ್ತು ಮುಗಿದು ಗಾಡಿ ಮನೆಯ ಕಡೆ ತಿರುಗುವ ಹೊತ್ತಿಗೆ ಚೆಲುವಮ್ಮ ಗಂಡನ ತೋಳು ಮುಟ್ಟಿದರು.

"ಇನ್ನೊಂದು ಸುತ್ತು ಒಡೀರಿ."

"ಕುದ್ರೆಗೆ ಸುಸ್ತಾಯ್ತದೆ ಕಣೇ."

"ಕುದ್ರೆ ಅಂಗಂತಾ? ನಡೀರಿ ಸುಮ್ಕೆ."

ಹಿಂದಿನಿಂದ ಆರೋಗ್ಯಮ್ಮನೂ ಮಕ್ಕಳೂ ಜೋರಾಗಿ ನಕ್ಕರು. ಕಾಳಯ್ಯ ನಾಲಗೆಯಿಂದ ಟಕ್ಕೆಂದು ಸದ್ದು ಮಾಡಿ ಚಂಪಾಳನ್ನು ಮತ್ತೆ ಅರಮನೆಯ ಕಡೆಗೆ ತಿರುಗಿಸಿದರು.